ಚಪಲಕ್ಕೆ ಆಯಸ್ಸು ಕಡಿಮೆ

ಬೀರೂರಿನಲ್ಲಿ ಕವಲೊಡೆದ ರೈಲು ಹಳಿ ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪದಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ ಜೋಗಕ್ಕಾಗಲಿ ಹೊನ್ನಾವರಕ್ಕಾಗಲಿ ರಸ್ತೆಯೇ ಗತಿ. ಈ ಸೀಮೆಯಲ್ಲಿ, ಹಾಗೆಯೇ ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲೂ, ಗುಡ್ಡಗಳ ನಡುವಿನ ತಗ್ಗಿನಲ್ಲೆಲ್ಲ ಅಡಿಕೆ ತೋಟ. ತೋಟದ ಮೇಲ್ಬದಿಗೆ ಮನೆ, ಮನೆಯ ಜಗಲಿಯಲ್ಲಿ ಕವಳದ ಹರಿವಾಣ. ಬಂದವರಿಗೆ ಕೈಕಾಲಿಗೆ ನೀರು, ಕುಡಿಯಲು ಆಸರಿ, ಆಮೇಲೆ ಕವಳ. ತಲೆಮಾರುಗಳಿಂದ ನಡೆದು ಬಂದ ಉಪಚಾರದ ಕ್ರಮ ಇದು. ಕೂಲಿಗೆ ಬಂದವರಿಗೂ ಬೇಸಾಯದ ಮನೆಯವರು ಎಲೆ, ಅಡಿಕೆ, ತಂಬಾಕು ಕೊಡುವುದು ರೂಢಿ. ಜಾತಿ, ಅಂತಸ್ತು ಏನೇ ಇರಲಿ, ಕವಳ ಎಲ್ಲರ ಬಾಯಲ್ಲೂ ಇದೆ.

ಕವಳ ಹಾಕುವವರ ಕೈಯನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡಬೇಕು. ಮಾತು ರಾಶಿ ಅಡಿಕೆಯ ದರದ ಮೇಲೋ ಕೊಳೆರೋಗದ ಮೇಲೋ ನಡೆಯುತ್ತಿರುತ್ತದೆ. ಅದರ ನಡುವೆಯೇ ಕೈ ಹರಿವಾಣದತ್ತ ಹೋಗುತ್ತದೆ. ಎಲೆ ಎತ್ತಿಕೊಂಡು ಪಂಚೆಗೆ ಒರೆಸುತ್ತದೆ, ತೊಟ್ಟು ಮುರಿಯುತ್ತದೆ, ಬೆನ್ನಿನ ನಾರು ಎಳೆಯುತ್ತದೆ. ತೋರುಬೆರಳಿನ ತುದಿಯಲ್ಲಿ ಸುಣ್ಣ ಬರುತ್ತದೆ, ಎಲೆಯ ಹಿಂಬದಿಗೆ ಸವರಿಕೊಳ್ಳುತ್ತದೆ. ಅಡಕತ್ತರಿ ಸದ್ದು ಮಾಡುತ್ತದೆ, ಹೋಳು ಬೀಳುತ್ತದೆ, ತಂಬಾಕಿನ ಒಂದು ಚೂರು ಅದರ ಜೊತೆ ಸೇರಿ ದವಡೆಗೆ ಹೋಗುತ್ತದೆ. ಮಾತಿನ ಓಘ ಒಂದು ಕ್ಷಣವೂ ಕಡಿದಿರುವುದಿಲ್ಲ. ಆಗ ಹಾಕಿದ್ದು ದಿನದ ಎಷ್ಟನೆಯ ಕವಳ ಎಂದು ಕೇಳಿದರೆ ಹೆಚ್ಚಿನವರಿಗೆ ಲೆಕ್ಕ ಗೊತ್ತಿರುವುದಿಲ್ಲ. ಅದನ್ನು ಹಾಕಿದ್ದು ಕೈ. ಮನಸ್ಸು ಬೇರೆಲ್ಲೋ ಇತ್ತು.

ಈ ಕವಳದೊಳಗೆ ನಡೆಯುವ ರಸಾಯನವೂ ತಿಳಿದಿರಬೇಕಾದದ್ದು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರವಸ್ತು ಇದೆ, ತಂಬಾಕಿನಲ್ಲಿ ನಿಕೋಟಿನ್. ಸುಣ್ಣ ಬಾಯಿಯೊಳಗನ್ನು ಕ್ಷಾರೀಯಗೊಳಿಸುತ್ತದೆ. ಆಗ ಇವೆರಡೂ ಕೆನ್ನೆಯ ಒಳಪದರದ ಮೂಲಕ ಬೇಗ ರಕ್ತಕ್ಕೆ ಇಳಿಯುತ್ತವೆ. ಸುಣ್ಣ ಹೆಚ್ಚು ಕಡಿಮೆಯಾದರೆ ಕವಳ 'ಹಿಡಿಯುವುದಿಲ್ಲ' ಎನ್ನುವುದರ ಒಳಗುಟ್ಟು ಇದೇ. 2015ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ರೋಜರ್ ಪ್ಯಾಪ್ಕೆ ಮತ್ತು ಸಂಗಡಿಗರು ಅರೆಕೋಲಿನ್ ಮಿದುಳಿನಲ್ಲಿ ನಿಕೋಟಿನ್ ಹಿಡಿಯುವ ಗ್ರಾಹಕಗಳನ್ನೇ ಹಿಡಿಯಬಲ್ಲದು ಎಂದು ತೋರಿಸಿದರು. ಅಂದರೆ ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಹಾಕುವವರಿಗೂ ಹೊತ್ತಿಗೆ ಸರಿಯಾಗಿ ಬಾಯಿ ಸಪ್ಪೆಯೆನಿಸಿ ತಲೆ ಮಂಕಾಗುವುದು ಬರೀ ಅಭ್ಯಾಸಬಲದಿಂದಲ್ಲ, ಅದಕ್ಕೆ ಮಿದುಳಿನಲ್ಲಿ ನೆಲೆಯಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಸೇರಿದ ಕವಳ, ತಂಬಾಕಿಲ್ಲದ ಕವಳ, ಬರೀ ಅಡಿಕೆ, ಮೂರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಮಕ್ಕಳನ್ನು ಓದಿಸಿದ, ಮನೆ ಕಟ್ಟಿದ ಊರುಗಳಲ್ಲಿ ಈ ಮಾತು ಹೇಳುವುದು ಹಗುರವಲ್ಲ, ಕೇಳುವುದೂ ಹಗುರವಲ್ಲ. ಬೆಳೆಯ ಭವಿಷ್ಯದ ಚರ್ಚೆ ಬೇರೆಯೇ ಇದೆ, ಅದು ನಡೆಯಲಿ. ಕೆನ್ನೆಯ ಒಳಪದರ ಗಡಸಾಗಿ ಬಾಯಿ ಪೂರ್ತಿ ತೆರೆಯಲಾಗದೆ ದಂತವೈದ್ಯರ ಮುಂದೆ ಕೂತವರಿಗೆ ಆ ಚರ್ಚೆಯಿಂದ ಉಪಯೋಗವಿಲ್ಲ. ಅವರು ಕೇಳುವುದು ಒಂದೇ: ಬಿಡಬೇಕು ಅಂತಿದೆ, ಹೇಗೆ ಬಿಡುವುದು?

ಊರಿನಲ್ಲಿ ಅದಕ್ಕೆ ಸಿದ್ಧ ಉತ್ತರವಿದೆ. 'ಮನಸ್ಸು ಗಟ್ಟಿ ಮಾಡಬೇಕು.' ಬಿಟ್ಟವರ ಮನಸ್ಸು ಗಟ್ಟಿ, ಬಿಡದವರದ್ದು ಸಡಿಲ. ಕುಡಿತ, ಬೀಡಿ, ಗುಟ್ಕಾ, ಈಗ ಹುಡುಗರ ಮೊಬೈಲು, ಎಲ್ಲಕ್ಕೂ ಇದೇ ತೀರ್ಪು. ಹತ್ತು ಸಲ ಬಿಟ್ಟು ಹತ್ತು ಸಲ ಮರಳಿ ಹಿಡಿದವರು ಕೊನೆಗೆ ತಾವೂ ಇದನ್ನೇ ನಂಬಿ, 'ನನ್ನ ಕೈಲಾಗದು' ಎಂದು ಕೂತುಬಿಡುತ್ತಾರೆ. ಕಳೆದ ಐವತ್ತು ವರ್ಷಗಳ ಮನೋವಿಜ್ಞಾನವನ್ನು ಓದಿದರೆ ಈ ತೀರ್ಪು ತಪ್ಪು ಎನ್ನಲು ಸಾಕಷ್ಟು ಆಧಾರ ಸಿಗುತ್ತದೆ. ಚಪಲವನ್ನು ಗೆದ್ದವರಲ್ಲಿ ಬಹಳ ಮಂದಿ ಅದರೊಡನೆ ಹೋರಾಡಿ ಗೆದ್ದವರಲ್ಲ. ಅದು ತಮ್ಮನ್ನು ಎದುರುಗೊಳ್ಳುವ ಸಂದರ್ಭಗಳನ್ನೇ ಕಡಿಮೆ ಮಾಡಿಕೊಂಡವರು.

ಮೊದಲು ಚಪಲ ಹುಟ್ಟುವ ಬಗೆ ನೋಡೋಣ. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಫ್ರೀಬೂರ್ಗ್‌ನಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನ ಡೋಪಮಿನ್ ಕೋಶಗಳ ಚಟುವಟಿಕೆ ಅಳೆದರು. ಕೋತಿಗೆ ಹಣ್ಣಿನ ರಸದ ಹನಿ ಸಿಕ್ಕಾಗ ಆ ಕೋಶಗಳು ಚುರುಕಾದವು. ರಸಕ್ಕೆ ಮುಂಚೆ ಪ್ರತಿ ಸಲವೂ ಒಂದು ಸಂಜ್ಞೆ ಕೊಡುತ್ತ ಹೋದಾಗ, ಕೆಲವು ದಿನಗಳಲ್ಲಿ ಕೋಶಗಳು ರಸಕ್ಕೆ ಪ್ರತಿಕ್ರಿಯಿಸುವುದನ್ನು ಬಿಟ್ಟು ಸಂಜ್ಞೆಗೇ ಮಿಡಿಯತೊಡಗಿದವು. ಕವಳದವರಿಗೆ ಅಡಕತ್ತರಿಯ ಸದ್ದೇ ಆ ಸಂಜ್ಞೆ. ಊಟದ ಮೇಲೆ ಕೈ ತೊಳೆದ ಗಳಿಗೆ ಸಂಜ್ಞೆ. ಚಹಾ ಮುಗಿದ ಲೋಟ ಸಂಜ್ಞೆ. ಕೊಯ್ಲಿನ ಕಾಲದಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿ ಅಡಿಕೆ ಸುಲಿಯಲು ಕೂತ ಮನೆಗಳಲ್ಲಿ, ನಡುರಾತ್ರಿ ಯಾರೋ ಒಬ್ಬರು ಬೆನ್ನು ನೆಟ್ಟಗೆ ಮಾಡಿ ಕತ್ತಿಯಿಂದ ಏಳುವುದೂ ಉಳಿದವರಿಗೆ ಸಂಜ್ಞೆಯೇ.

ಇನ್ನೂ ಒಂದು ಸಂಗತಿಯಿದೆ. ಮಿಚಿಗನ್ ವಿಶ್ವವಿದ್ಯಾಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಮುಂದಿಟ್ಟ ಸಿದ್ಧಾಂತದ ಪ್ರಕಾರ ಬೇಕೆನಿಸುವುದು ಮತ್ತು ಹಿತವೆನಿಸುವುದು ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳ ಕೆಲಸ. ಚಟ ಬಲಿತಂತೆ ಬೇಕೆನಿಸುವುದು ಏರುತ್ತದೆ, ಹಿತ ಏರುವುದಿಲ್ಲ, ಕಡಿಮೆಯೂ ಆಗಬಹುದು. 'ರುಚಿಯೇನೂ ಇಲ್ಲ, ಆದರೂ ಹಾಕದೆ ಇರಲಾಗುವುದಿಲ್ಲ' ಎಂದು ಹಳೆಯ ಕವಳದವರು ಹೇಳುವುದನ್ನು ಕೇಳಿದವರು ಬಹಳ ಜನ ಇದ್ದಾರು. ಆ ಮಾತನ್ನು ಸಬೂಬು ಎಂದು ತಳ್ಳಿಹಾಕಬಾರದು, ಮಿದುಳಿನ ಸ್ಥಿತಿಯ ನಿಖರ ವರದಿ ಅದು.

ಹೀಗೆ ಎದ್ದ ಚಪಲವನ್ನು ತಳ್ಳಿಹಾಕಲು ಹೋದರೆ? ಟೆಕ್ಸಾಸಿನ ಟ್ರಿನಿಟಿ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರುವಾಸಿ. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ಈಗ ಯೋಚಿಸಬಹುದು ಎಂದಾಗ, ಮೊದಲಿನಿಂದ ಅಡ್ಡಿಯಿಲ್ಲದೆ ಯೋಚಿಸಿದವರಿಗಿಂತ ಇವರ ತಲೆಯಲ್ಲೇ ಕರಡಿ ಹೆಚ್ಚು ಸಲ ಸುಳಿಯಿತು. ಯಾವುದನ್ನು ನೆನೆಯಬಾರದೋ ಅದು ಬಂದಿತೇ ಎಂದು ಕಾವಲು ಕಾಯಲು ಮನಸ್ಸು ಅದನ್ನೇ ಹಿಡಿದುಕೊಂಡಿರಬೇಕಾಗುತ್ತದೆ ಎನ್ನುವುದು ವೆಗ್ನರ್ ಕೊಟ್ಟ ವಿವರಣೆ. 2010ರಲ್ಲಿ ಜೇಮ್ಸ್ ಅರ್ಸ್ಕಿನ್ ತಂಡ ಇದನ್ನು ಧೂಮಪಾನಿಗಳಲ್ಲಿ ಪರೀಕ್ಷಿಸಿತು. ಮೂರು ವಾರಗಳ ಅಧ್ಯಯನದ ನಡುವಿನ ವಾರ ಒಂದು ಗುಂಪಿಗೆ ಸಿಗರೇಟಿನ ಯೋಚನೆಯನ್ನೇ ಹತ್ತಿಕ್ಕಲು ಹೇಳಿದರು. ಆ ವಾರ ಅವರು ಕಡಿಮೆ ಸೇದಿದರು, ಮುಂದಿನ ವಾರ ಉಳಿದ ಗುಂಪುಗಳಿಗಿಂತ ಹೆಚ್ಚು ಸೇದಿದರು. ಸೋಮವಾರ ಬಿಟ್ಟು ಮುಂದಿನ ಸೋಮವಾರಕ್ಕೆ ಎರಡರಷ್ಟು ಹಾಕುವವರ ಕಥೆಗೆ ಇಲ್ಲಿ ಒಂದು ಕಾರಣ ಸಿಗುತ್ತದೆ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಪ್ರತಿಪಕ್ಷಭಾವನೆ ಎಂಬ ಉಪಾಯ ಬರುತ್ತದೆ. ಬೇಡದ ಯೋಚನೆ ಕಾಡಿದಾಗ ಅದರ ಎದುರು ಪಕ್ಷದ ಯೋಚನೆಯನ್ನು ತಂದುಕೊಳ್ಳಬೇಕು ಎನ್ನುವುದು ಅದರ ತಾತ್ಪರ್ಯ. ಹತ್ತಿಕ್ಕು ಎಂದು ಅದು ಹೇಳುವುದಿಲ್ಲ, ಆ ಜಾಗಕ್ಕೆ ಬೇರೊಂದನ್ನು ತಾ ಎನ್ನುತ್ತದೆ. ಇದು ನನಗೆ ವೆಗ್ನರ್ ಪ್ರಯೋಗದಷ್ಟೇ ಗಟ್ಟಿಯಾದ ತಿಳಿವಳಿಕೆ ಅನಿಸುತ್ತದೆ.

ಸಂಯಮ ಎನ್ನುವುದು ಖರ್ಚಾಗಿ ಹೋಗುವ ಶಕ್ತಿ ಎಂಬ ಇನ್ನೊಂದು ಕಲ್ಪನೆ ಇಪ್ಪತ್ತು ವರ್ಷ ಮನೋವಿಜ್ಞಾನವನ್ನು ಆಳಿತು. 1998ರಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್ ತಂಡ ಹಸಿದ ವಿದ್ಯಾರ್ಥಿಗಳನ್ನು ಆಗತಾನೇ ಬೇಯಿಸಿದ ಚಾಕೊಲೇಟ್ ಬಿಸ್ಕತ್ತಿನ ಪರಿಮಳದಲ್ಲಿ ಕೂರಿಸಿತು. ಕೆಲವರಿಗೆ ಬಿಸ್ಕತ್ತು, ಕೆಲವರಿಗೆ ಬರೀ ಮೂಲಂಗಿ. ಆಮೇಲೆ ಬಿಡಿಸಲಾಗದ ಒಗಟು ಕೊಟ್ಟಾಗ ಮೂಲಂಗಿ ತಿಂದವರು ಸುಮಾರು 8 ನಿಮಿಷಕ್ಕೆ ಕೈಬಿಟ್ಟರು, ಬಿಸ್ಕತ್ತಿನವರು ಸುಮಾರು 19 ನಿಮಿಷ ಜಗ್ಗಾಡಿದರು. ಆಸೆ ತಡೆದುಕೊಂಡದ್ದರಲ್ಲೇ ಮನೋಬಲ ಖರ್ಚಾಯಿತು ಎಂದು ತೀರ್ಮಾನವಾಯಿತು. 2016ರಲ್ಲಿ 23 ಪ್ರಯೋಗಾಲಯಗಳು 2,141 ಜನರ ಮೇಲೆ ಈ ಸಿದ್ಧಾಂತವನ್ನು ಮತ್ತೆ ಪರೀಕ್ಷೆಗೆ ಒಡ್ಡಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ವಾದ ಇನ್ನೂ ಪೂರ್ತಿ ತಣಿದಿಲ್ಲ. ಆದರೆ ನಮಗೆ ಹೆಚ್ಚು ಸಂಬಂಧಪಟ್ಟದ್ದು 2017ರ ಒಂದು ಅಧ್ಯಯನ. ಕೃಷ್ಣ ಸವಾನಿ ಮತ್ತು ವೆರೋನಿಕಾ ಯೋಬ್ ಭಾರತೀಯರಲ್ಲಿ ಇದನ್ನೇ ನೋಡಿದಾಗ ಫಲಿತಾಂಶ ತಿರುಗುಮುರುಗಾಗಿತ್ತು. ಮೊದಲು ಮನಸ್ಸನ್ನು ಬಿಗಿಹಿಡಿದು ಕೆಲಸ ಮಾಡಿದವರು ಎರಡನೆಯ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡಿದ್ದರು. ವ್ರತ, ಉಪವಾಸ, ಜಪಗಳ ನಡುವೆ ಬೆಳೆದವರಲ್ಲಿ ಮನಸ್ಸಿಗೆ ಶ್ರಮ ಕೊಟ್ಟಷ್ಟೂ ಅದು ಹುರುಪಾಗುತ್ತದೆ ಎಂಬ ನಂಬಿಕೆ ಬೇರೂರಿರುವುದು ಇದಕ್ಕೆ ಕಾರಣವಿರಬಹುದು ಎಂಬುದು ಅವರ ವಿವರಣೆ. ಮನೋಬಲದ ಬಗ್ಗೆ ನಾವು ಏನು ನಂಬುತ್ತೇವೆ ಎನ್ನುವುದೂ ಅದರ ಬಲದ ಒಂದು ಭಾಗ.

ಹಾಗಾದರೆ ಸಂಯಮಿಗಳು ದಿನವಿಡೀ ಏನು ಮಾಡುತ್ತಾರೆ? ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ಹೋಫ್‌ಮನ್ ತಂಡ 205 ಜನರ ಕೈಗೆ ಒಂದೊಂದು ಫೋನು ಕೊಟ್ಟು, ಒಂದು ವಾರ ಹೊತ್ತಲ್ಲದ ಹೊತ್ತಿನಲ್ಲಿ 'ಈಗ ಏನಾದರೂ ಬೇಕೆನಿಸುತ್ತಿದೆಯೇ?' ಎಂದು ಕೇಳುತ್ತ ಹೋಯಿತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 7,827 ಆಸೆಗಳು ದಾಖಲಾದವು. ಸಂಯಮ ಹೆಚ್ಚಿರುವವರು ಆಸೆಗಳನ್ನು ಹೆಚ್ಚು ಸಲ ತಡೆಹಿಡಿಯುತ್ತಾರೆ ಎಂದು ನಾವು ಊಹಿಸುತ್ತೇವೆ. ಕಂಡದ್ದು ಅದಲ್ಲ. ಅವರು ಆಸೆಯೊಡನೆ ಜಗಳಕ್ಕೆ ನಿಂತ ಸಂದರ್ಭಗಳೇ ಕಡಿಮೆ ಇದ್ದವು. ಅವರ ದಿನ ಮೊದಲೇ ಬೇರೆ ಥರ ಜೋಡಣೆಯಾಗಿತ್ತು.

ವಾಲ್ಟರ್ ಮಿಷೆಲ್ ಅವರ ಮಕ್ಕಳ ಪ್ರಯೋಗ ಈಗ ಎಲ್ಲ ಕಡೆ ಉದಾಹರಣೆಗೆ ಬರುತ್ತದೆ: ಈಗ ಬೇಕಾದರೆ ಒಂದು ತಿಂಡಿ, ಕಾದರೆ ಎರಡು. ಕಾದ ಮಕ್ಕಳು ಮುಂದೆ ಜಾಣರಾದರು ಎಂಬುದಷ್ಟೇ ಊರೂರಿನ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಉಳಿದುಕೊಂಡಿದೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತಂದರೆ ಆ ಸಂಬಂಧ ಬಹಳ ತೆಳುವಾಗುತ್ತದೆ ಎಂದು ತಿಳಿದುಬಂತು. ಯಾರೂ ಹೆಚ್ಚಾಗಿ ಹೇಳದ ಭಾಗವೆಂದರೆ 1970ರ ಪ್ರಯೋಗ. ತಿಂಡಿಯನ್ನು ಮಗುವಿನ ಕಣ್ಣೆದುರು ಇಟ್ಟಾಗ ಮಕ್ಕಳು ಸರಾಸರಿ ಒಂದು ನಿಮಿಷದ ಆಸುಪಾಸು ಕಾದರು. ಕಣ್ಣಿಗೆ ಕಾಣದಂತೆ ಇಟ್ಟಾಗ 11 ನಿಮಿಷಕ್ಕೂ ಹೆಚ್ಚು ಕಾದರು. ಮಕ್ಕಳ ಮನೋಬಲ ಎರಡೂ ಕಡೆ ಒಂದೇ, ತಟ್ಟೆಯ ಜಾಗ ಬೇರೆ. ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ 2013ರಲ್ಲಿ ಇದಕ್ಕೆ ಇನ್ನೊಂದು ಸತ್ಯ ಸೇರಿಸಿದರು. ಮೊದಲೇ ಒಮ್ಮೆ ಕೊಟ್ಟ ಮಾತಿಗೆ ತಪ್ಪಿದ ದೊಡ್ಡವರ ಮುಂದೆ ಮಕ್ಕಳು ಸುಮಾರು 3 ನಿಮಿಷ ಕಾದರೆ, ಮಾತು ಉಳಿಸಿಕೊಂಡವರ ಮುಂದೆ 12 ನಿಮಿಷ ಕಾದರು. ನಾಳೆ ಎನ್ನುವುದು ಕೈಗೆ ಸಿಗುತ್ತದೆಂಬ ಭರವಸೆ ಇದ್ದವರು ಕಾಯಬಲ್ಲರು. ದಿನಗೂಲಿಯವರ ಕೈ ಸಂಜೆ ಹೆಂಡದಂಗಡಿ ಕಡೆ ತಿರುಗಿದಾಗ ಅದನ್ನು ಗುಣದೋಷವೆಂದು ತೀರ್ಮಾನಿಸುವ ಮೊದಲು ಈ 3 ನಿಮಿಷದ ಮಕ್ಕಳನ್ನು ನೆನೆಯಬೇಕು.

ಇಷ್ಟೆಲ್ಲ ದೂರದ ಪ್ರಯೋಗಾಲಯಗಳ ಮಾತಾಯಿತು. ಇವೆಲ್ಲವನ್ನೂ ಒಟ್ಟಿಗೆ ತೋರಿಸುವ ಪ್ರಯೋಗವೊಂದು ಪ್ರತಿ ವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ನಮ್ಮ ಮಲೆನಾಡಿನ ಊರುಗಳಲ್ಲೇ ಶುರುವಾಗುತ್ತದೆ. ಶಬರಿಮಲೆಗೆ ಮಾಲೆ ಹಾಕುವವರನ್ನು ನೋಡಿ. ಹಿಂದಿನ ದಿನದವರೆಗೆ ಎರಡು ಗಂಟೆಗೊಮ್ಮೆ ತಂಬಾಕು ಬೇಕಿದ್ದವರು, ಸಂಜೆಯಾದರೆ ಕುಡಿಯದೆ ಇರಲಾರದವರು, ಮಾಲೆ ಕೊರಳಿಗೆ ಬಿದ್ದ ದಿನದಿಂದ 41 ದಿನ ಅದರ ಸುದ್ದಿಗೆ ಹೋಗುವುದಿಲ್ಲ. 'ನನ್ನ ಕೈಲಾಗದು' ಎಂದಿದ್ದವರೇ ಅವರು. ಅವರ ಮನಸ್ಸು ಒಂದು ರಾತ್ರಿಯಲ್ಲಿ ಗಟ್ಟಿಯಾಯಿತೇ?

ಬದಲಾದದ್ದು ಏನೇನು ಎಂದು ಒಂದೊಂದಾಗಿ ನೋಡಿದರೆ ಆಶ್ಚರ್ಯವಾಗುತ್ತದೆ. ಬಟ್ಟೆ ಬದಲಾಯಿತು. ಕಪ್ಪು ಪಂಚೆ ಉಟ್ಟವರಿಗೆ ಗೂಡಂಗಡಿಯವರು ತಾವಾಗಿ ತಂಬಾಕಿನ ಪೊಟ್ಟಣ ಚಾಚುವುದಿಲ್ಲ. ಕರೆಯುವ ಹೆಸರು ಬದಲಾಯಿತು, ಹೆಂಡತಿ ಮಕ್ಕಳಿಂದ ಹಿಡಿದು ಬಸ್ಸಿನ ಕಂಡಕ್ಟರವರೆಗೆ ಎಲ್ಲರೂ 'ಸ್ವಾಮಿ' ಎನ್ನುತ್ತಾರೆ. ದಿನಚರಿ ಬದಲಾಯಿತು. ನಸುಕಿನಲ್ಲಿ ತಣ್ಣೀರ ಸ್ನಾನ, ಸಂಜೆ ಕುಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ ಪೂಜೆ, ಭಜನೆ. ಸಹವಾಸ ಬದಲಾಯಿತು, ಸುತ್ತ ಇರುವವರು ಇತರ ಮಾಲಾಧಾರಿಗಳು. ಗುರುಸ್ವಾಮಿಯೊಬ್ಬರು ಕೇಳಲು ಇದ್ದಾರೆ. ಸ್ವಲ್ಪ ಹಾಕಲೇ, ಇವತ್ತೊಂದು ದಿನ ನಡೆಯುತ್ತದೆಯೇ ಎಂಬ ಲೆಕ್ಕಾಚಾರಕ್ಕೆ ಎಡೆಯೇ ಇಲ್ಲ, ನಿಯಮ ಪೂರ್ತಿ, ಅವಧಿ ನಿಶ್ಚಿತ. ಭಕ್ತಿ ಇದೆಲ್ಲದರ ಬೇರು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಭಕ್ತಿ ಮನುಷ್ಯನ ಸುತ್ತಲಿನ ಪ್ರತಿಯೊಂದು ಸಂಜ್ಞೆಯನ್ನೂ ಬದಲಿಸಿ ನಿಲ್ಲಿಸುತ್ತದೆ ಎನ್ನುವುದನ್ನು ಗಮನಿಸಬೇಕು. ಯಾವ ಪಠ್ಯಪುಸ್ತಕವೂ ಇದಕ್ಕಿಂತ ಪೂರ್ಣವಾದ ಏರ್ಪಾಟನ್ನು ಹೇಳಿಕೊಡಲಾರದು.

ಮರಳಿ ಬಂದು ಮಾಲೆ ತೆಗೆದ ದಿನವೇ ಎಷ್ಟೋ ಜನ ಮತ್ತೆ ಶುರುಮಾಡುತ್ತಾರೆ. ಊರು ನಗುತ್ತದೆ. ನಗುವ ಬದಲು ಒಂದು ಪ್ರಶ್ನೆ ಕೇಳಬಹುದಿತ್ತು. 41 ದಿನ ದೇಹಕ್ಕೆ ನಿಕೋಟಿನ್ ಇಲ್ಲದೆ ನಡೆದಿದೆ. ತಂಬಾಕು ಬಿಟ್ಟಾಗಿನ ಕಿರಿಕಿರಿ, ನಿದ್ದೆಗೇಡು, ತಲೆಭಾರ ಮೊದಲ ವಾರ ಜೋರಾಗಿದ್ದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಅಂದರೆ ದೇಹದ ಬೇಡಿಕೆಯ ಕಷ್ಟದ ಪಾಲು ಮುಗಿದೇ ಹೋಗಿದೆ. ಉಳಿದದ್ದು ಹಳೆಯ ಬಟ್ಟೆ, ಹಳೆಯ ಅಂಗಡಿ ಕಟ್ಟೆ, ಹಳೆಯ ಗೆಳೆಯರು. ಲೀ ರಾಬಿನ್ಸ್ 1970ರ ದಶಕದ ಆರಂಭದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರಲ್ಲಿ ಇದರ ಮಗ್ಗುಲು ಬದಲಿಸಿದ ರೂಪವನ್ನು ಕಂಡರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ನಂಥ ಮಾದಕಗಳಿಗೆ ದಾಸರಾಗಿದ್ದರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಆ ಕಾಡು, ಆ ಸಂಗಾತಿಗಳು, ಆ ಭಯ ಇಲ್ಲದ ಜಾಗಕ್ಕೆ ಅವರು ಬಂದಿದ್ದರು. ನಮ್ಮ ಮಾಲಾಧಾರಿಗಳು ಯಾವುದನ್ನು ಬಿಟ್ಟಿದ್ದರೋ ಅದೇ ಜಾಗಕ್ಕೆ ಮರಳುತ್ತಾರೆ. ಮಾಲೆ ತೆಗೆಯುವ ಮುನ್ನವೇ 42ನೆಯ ದಿನದ ಸಂಜೆಗೆ ಏನು ಕೆಲಸ, ಯಾರ ಜೊತೆ, ಎಲ್ಲಿ ಎಂದು ಗುರುಸ್ವಾಮಿಗಳು, ಮನೆಯವರು ಕೂತು ಗೊತ್ತುಮಾಡಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಈ ಮರಳುವ ದಿನದ ಬಗ್ಗೆ ಯೋಚಿಸಿವೆ. ಶಿಬಿರ ಮುಗಿದವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸಿ ಮತ್ತೆ ಮತ್ತೆ ಭೇಟಿಯಾಗುವಂತೆ ಮಾಡುವುದೇ ಅವುಗಳ ಬಲ. ಮದ್ಯದ ವಿಷಯದಲ್ಲಿ ಒಂದು ಎಚ್ಚರ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್, ಭ್ರಾಂತಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಲ್ಲಿ ಹಟಕ್ಕಿಂತ ಮೊದಲು ಆಸ್ಪತ್ರೆ ಬೇಕು. ಕವಳ, ತಂಬಾಕಿಗೆ ಈ ಭಯವಿಲ್ಲ.

ಇನ್ನು ಎಷ್ಟೇ ಏರ್ಪಾಟು ಮಾಡಿಕೊಂಡರೂ ಚಪಲ ಏಳುವ ಗಳಿಗೆ ಬಂದೇ ಬರುತ್ತದೆ. ಆಗ ತಿಳಿದಿರಬೇಕಾದ ಮುಖ್ಯ ಸಂಗತಿ ಅದರ ಆಯಸ್ಸು. ತಂಬಾಕಿನ ತೀವ್ರ ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಹಾಕದಿದ್ದರೆ ಅದು ಬೆಳೆಯುತ್ತಲೇ ಹೋಗಿ ತಲೆ ಒಡೆದುಬಿಡುತ್ತದೆ ಎಂದು ಅನಿಸುತ್ತದೆ, ಆದರೆ ಅದು ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಆಷಾಢದಲ್ಲಿ ತೋಟದಿಂದ ಬರುವಾಗ ಹೊಡೆತದ ಮಳೆ ಹಿಡಿದರೆ ನಾವು ಮಳೆಯ ಜೊತೆ ಜಗಳಕ್ಕೆ ಹೋಗುವುದಿಲ್ಲ, ಹತ್ತಿರದ ಸೂರಿನಡಿ ನಿಂತು ಜೋರು ಕಳೆಯಲು ಬಿಡುತ್ತೇವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಾರಾ ಬೋವೆನ್ ಮತ್ತು ಅಲನ್ ಮಾರ್ಲಟ್ 2009ರಲ್ಲಿ ಸಿಗರೇಟು ಸೇದುವ ವಿದ್ಯಾರ್ಥಿಗಳಿಗೆ ಇದನ್ನೇ ಕಲಿಸಿದರು. ಸೆಳೆತ ಬಂದಾಗ ತಳ್ಳಬೇಡಿ, ಅದು ದೇಹದಲ್ಲಿ ಎಲ್ಲಿ ಗೊತ್ತಾಗುತ್ತಿದೆ, ಬಾಯಲ್ಲೋ ಎದೆಯಲ್ಲೋ ಎಂದು ಸುಮ್ಮನೆ ಗಮನಿಸಿ ಎಂದರು. ಮುಂದಿನ ಏಳು ದಿನ ಅವರು ಉಳಿದವರಿಗಿಂತ ಕಡಿಮೆ ಸೇದಿದರು. ವಿಶೇಷವೆಂದರೆ ಅವರಿಗೆ ಸೆಳೆತವೇನೂ ಕಡಿಮೆ ಬಂದಿರಲಿಲ್ಲ. ಸೆಳೆತ ಬಂದಾಕ್ಷಣ ಕೈ ಚಾಚಬೇಕಿಲ್ಲ ಎನ್ನುವುದು ಅವರಿಗೆ ಗೊತ್ತಾಗಿತ್ತು, ಅಷ್ಟೆ.

ಆ ನಿಮಿಷಗಳನ್ನು ದಾಟಿಸಲು ಕೈಗೂ ಬಾಯಿಗೂ ಕೆಲಸ ಬೇಕು. ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಉಗುರು ಕಚ್ಚುವಂಥ ಅಭ್ಯಾಸಗಳಿಗೆ ಕಂಡುಕೊಂಡ ಉಪಾಯ ಇಂದಿಗೂ ಚಿಕಿತ್ಸೆಯಲ್ಲಿದೆ. ಮೊದಲು ಕೈ ಯಾವಾಗ ಏಳುತ್ತದೆ ಎಂದು ಗುರುತಿಸುವುದು, ಆಮೇಲೆ ಆ ಕೈಗೆ ಅದರ ಜೊತೆ ನಡೆಯಲಾರದ ಇನ್ನೊಂದು ಕೆಲಸ ಕೊಡುವುದು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಉಪಾಯ ಇದಕ್ಕೆ ಕೂಡಿಕೊಳ್ಳುತ್ತದೆ. 'ಇನ್ನು ಮೇಲೆ ಹಾಕುವುದಿಲ್ಲ' ಎಂಬ ಸಂಕಲ್ಪಕ್ಕಿಂತ, 'ಊಟ ಮಾಡಿ ಕೈ ತೊಳೆದ ಕೂಡಲೇ ಎರಡು ಲವಂಗ ಬಾಯಿಗೆ ಹಾಕಿಕೊಂಡು ತೋಟದ ಕಡೆ ಇಳಿಯುತ್ತೇನೆ' ಎಂದು ಹೊತ್ತು, ಜಾಗ, ಕೆಲಸ ಮೂರನ್ನೂ ಕಟ್ಟಿದ ಸಂಕಲ್ಪ ಹೆಚ್ಚು ನಿಲ್ಲುತ್ತದೆ. ಅವರು ಮತ್ತು ಪಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಂಥ ಸಂಕಲ್ಪದ ಪರಿಣಾಮ ಸ್ಪಷ್ಟವಾಗಿಯೇ ಕಂಡಿತು. ಲವಂಗ, ಏಲಕ್ಕಿ, ಜೀರಿಗೆ, ಒಣ ನೆಲ್ಲಿ ಯಾವುದಾದರೂ ಆದೀತು. ತಂಬಾಕಿನ ಬದಲಿಗೆ ಸಿಹಿ ಅಡಿಕೆ ಪುಡಿ ಮಾತ್ರ ಬೇಡ, ಅದರಲ್ಲೂ ಇರುವುದು ಅದೇ ಅರೆಕೋಲಿನ್. ಕಷ್ಟವಾದರೆ ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಡುವೆ ಒಂದು ದಿನ ತಪ್ಪುತ್ತದೆ. ಮದುವೆ ಮನೆಯಲ್ಲೋ, ತಾಳಮದ್ದಲೆ ಕೇಳುತ್ತ ಕೂತ ರಾತ್ರಿಯಲ್ಲೋ ಒಂದು ಕವಳ ಹೋಗಿಬಿಡುತ್ತದೆ. 'ಕೆಟ್ಟಿತು, ಇನ್ನೇನು ಉಳಿಯಿತು' ಎಂದುಕೊಂಡು ಪೂರ್ತಿ ಮರಳುವವರು ಬಹಳ. ಮಾರ್ಲಟ್ ತಮ್ಮ ವೃತ್ತಿಜೀವನದ ಬಹುಪಾಲನ್ನು ಈ ಒಂದು ಗಳಿಗೆಯ ಅಧ್ಯಯನಕ್ಕೆ ಕೊಟ್ಟರು. ತಪ್ಪಿದ ಕವಳಕ್ಕಿಂತ, ತಪ್ಪಿದ ಮೇಲೆ ತನ್ನನ್ನು ತಾನು ಹಳಿದುಕೊಳ್ಳುವುದೇ ಹೆಚ್ಚು ಜನರನ್ನು ಚಟಕ್ಕೆ ಮರಳಿಸುತ್ತದೆ ಎಂಬುದು ಅವರು ಕಂಡದ್ದು. ಯಾವ ಸಂಜ್ಞೆ ಎಳೆಯಿತು ಎಂದು ಗುರುತಿಟ್ಟುಕೊಂಡು ಮರುದಿನದಿಂದ ಮುಂದುವರಿದರೆ ಸಾಕು.

ಮನೆಯವರಲ್ಲಿ, ನೆಂಟರಲ್ಲಿ ಒಂದು ಕೋರಿಕೆ ಇದೆ. ಬಿಟ್ಟಿದ್ದೇನೆ ಎಂದವರಿಗೆ 'ಒಂದೇ ಒಂದು ಹಾಕಿ ಮಾರಾಯ್ರೆ, ಏನಾಗ್ತದೆ?' ಎನ್ನಬೇಡಿ. ಆ ಮಾತಿನಲ್ಲಿ ಪ್ರೀತಿಯೇ ಇರುವುದು ನಿಜ. ಆದರೆ ಅವರು ಅದಕ್ಕೆ ಇಲ್ಲ ಎನ್ನಲು ದಿನಗಟ್ಟಲೆ ಕೂಡಿಹಾಕಿದ ಬಲವನ್ನು ನಿಮ್ಮೆದುರು ಸುರಿಯಬೇಕಾಗುತ್ತದೆ. ಬಿಡುತ್ತಿರುವವರು ಮನೆಯಲ್ಲೇ ಇದ್ದರೆ ಎಲೆ, ಸುಣ್ಣ, ಅಡಕತ್ತರಿಗಳನ್ನು ಕಪಾಟಿಗೆ ಸೇರಿಸಿ, ಬಂದವರು ಕೇಳಿದರೆ ತಂದುಕೊಡಿ. ಮಿಷೆಲ್ ಅವರ ಮಕ್ಕಳಿಗೆ ಒಂದಕ್ಕೆ ಹನ್ನೊಂದು ನಿಮಿಷ ಕೊಟ್ಟದ್ದು ಇಂಥದೇ ಸಣ್ಣ ಬದಲಾವಣೆ. ಉಪಚಾರಕ್ಕೆ ಬೆಲ್ಲ ನೀರು, ಏಲಕ್ಕಿ, ಹಣ್ಣು ಇದ್ದೇ ಇವೆ. ಕೂಲಿಯವರಿಗೆ ತಂಬಾಕಿನ ಬದಲು ಅದರ ಹಣವನ್ನು ಕೂಲಿಗೇ ಸೇರಿಸಿ ಕೊಡುವುದನ್ನೂ ತೋಟದ ಮನೆಗಳವರು ಯೋಚಿಸಬೇಕು.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 16ರಷ್ಟು ಜನ ಹೊಗೆರಹಿತ ತಂಬಾಕು ಬಳಸುವವರು. 2013ರ ಮೇ ಕೊನೆಯಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಗಳ ಮುಂದೆ ತೂಗತೊಡಗಿದವು, ಹುಡುಗರು ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಬಾಯಲ್ಲಿ ಮೂರು ವಾರ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ಮುಟ್ಟಿದರೆ ಉರಿ, ಬಾಯಿ ತೆರೆಯಲು ಬಿಗಿತ, ಇವುಗಳಲ್ಲಿ ಯಾವುದಿದ್ದರೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ, ತಡಮಾಡಬೇಡಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿಯ ಒಂದು ಕೇಂದ್ರ 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಸಂಖ್ಯೆ 1800-11-2356. ಅದು ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿದೆ.